ಜೋಡೆತ್ತಿನ ಗಾಯನ

ನಮ್ಮ ಅಣ್ಣನವರು ತೀರಿಕೊಂಡ ಮೇಲೆ ಅವರ ವಾಲ್ವ್ ಆಂಪ್ಲಿಫೈಯರನ್ನು ಅತ್ತಿಗೆಯವರು ನನ್ನ ಕೈಗಿತ್ತರು. ದೀಪ ಹಚ್ಚಿಟ್ಟ ಗೂಡಿನಂತೆ ಮಂದವಾಗಿ ಬೆಳಗುವ ಅದರ ಮುಂದೆ ಕುಳಿತು ಮಲ್ಲಿಕಾರ್ಜುನ ಮನಸೂರರ ಗಾಯನವನ್ನು ಕೇಳುವುದು ಅವರ ಸಂಜೆಯ ವ್ರತವಾಗಿತ್ತು. ಹಳೆಯ ಸ್ಪೀಕರುಗಳು ಕೆಟ್ಟಿದ್ದುದರಿಂದ ನಾನು ಹೊಸ ಜೊತೆಯೊಂದನ್ನು ಕೊಂಡು ತಂದೆ. ತೊಡಕು ಅಲ್ಲಿಂದ ಮೊದಲಾಯಿತು.

ಹೊಸವು ಬಹಳ ಹೊಟ್ಟೆಬಾಕ. ಒಂದು ವ್ಯಾಟ್ ಶಕ್ತಿಯುಂಡು ಒಂದು ಮೀಟರ್ ದೂರದಲ್ಲಿ ಅವು ಕೊಡುವುದು 85 ಡೆಸಿಬೆಲ್ ಮಾತ್ರ. ಆಂಪ್ಲಿಫೈಯರಿನ ಬಲವೋ ಪಕ್ಕಕ್ಕೆ 15 ವ್ಯಾಟ್. ನಾದವು 3 ಡೆಸಿಬೆಲ್ ಏರಬೇಕಾದರೆ ಶಕ್ತಿ ಇಮ್ಮಡಿಯಾಗಬೇಕು. 10 ಏರಬೇಕಾದರೆ ಹತ್ತು ಮಡಿ. ಸಾಲದ್ದಕ್ಕೆ, ಹೆಸರಿಗೆ 8 ಓಮ್ ಎನ್ನಿಸಿಕೊಂಡವುಗಳ ತಡೆ ತಗ್ಗಿನ ಸ್ವರಗಳಲ್ಲಿ 3ಕ್ಕೆ ಇಳಿದು, ವಾಲ್ವುಗಳು ಕೊಡಲಾರದಷ್ಟು ಪ್ರವಾಹವನ್ನು ಬೇಡುತ್ತಿತ್ತು. ಡಗ್ಗದ ಪೆಟ್ಟು ಬಿದ್ದಾಗಲೆಲ್ಲ ಗಾಯಕರ ಕಂಠವೇ ಒಡೆದಂತಾಗುತ್ತಿತ್ತು.

“ಅದನ್ನು ಮಾರಿ ಟ್ರಾನ್ಸಿಸ್ಟರಿನದನ್ನು ಕೊಳ್ಳಿರಿ” ಎಂದರು ಮಿತ್ರರು. ಮನಸ್ಸು ಬಾರದೆ, ಅದೇ ಮಾದರಿಯ ಇನ್ನೊಂದನ್ನು ಅರಸಿ ತಂದೆ. ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳ ಭಾರ ಒಂದಕ್ಕೆ, ಮೇಲಿನವುಗಳದು ಇನ್ನೊಂದಕ್ಕೆ. ಗಾಡಿಗೆ ಜೋಡೆತ್ತು ಹೂಡಿದ ಹಾಗೆ. ಎತ್ತುಗಳ ಹೆಜ್ಜೆ ಸಮವಾಗಿರಬೇಕು. ಆದುದರಿಂದ ಎರಡನ್ನೂ 4 ಓಮಿನ ತಿರುಪಿಗೇ ಕಟ್ಟಿದೆ. ಒಂದನ್ನು 8ಕ್ಕೆ ಕಟ್ಟಿದ್ದರೆ ಸ್ವರಗಳ ತೂಕ ತಪ್ಪುತ್ತಿತ್ತು.

ಗುಂಡಿ ಒತ್ತಲು ಬೆರಳಿಟ್ಟಾಗ ಎದೆ ಧಸಕ್ಕೆಂದಿತು. ಸ್ಪೀಕರಿನ ಬೆನ್ನಿನಲ್ಲಿ ಎರಡು ಜೊತೆ ತಿರುಪುಗಳನ್ನು ಕೂಡಿಸುವ ಲೋಹದ ಪಟ್ಟಿಗಳನ್ನು ನಾನು ಕಳಚಿರಲಿಲ್ಲ! ಹಾಗೆಯೇ ಹೊತ್ತಿಸಿದ್ದರೆ ಎರಡು ಆಂಪ್ಲಿಫೈಯರುಗಳೂ ಎದುರುಬದುರಾಗಿ ಕಾದಾಡಿ, ಅಣ್ಣನವರ ನೆನಪು ಹೊಗೆಯಾಗಿ ಹೋಗುತ್ತಿತ್ತೋ ಏನೋ. ಬೆವರೊರಸಿಕೊಂಡು ಪಟ್ಟಿಗಳನ್ನು ತೆಗೆದೆ.

ಹದಿನೈದೂ ಹದಿನೈದೂ ಕೂಡಿ ಮೂವತ್ತಾಯಿತೇ? ಇಲ್ಲ. ಈ ಏರ್ಪಾಡಿನಲ್ಲಿ ಎರಡು ಆಂಪ್ಲಿಫೈಯರುಗಳೂ ಇಡಿಯ ಗಾಯನವನ್ನೇ ವರ್ಧಿಸುತ್ತವೆ. ಹಂಚಿಹೋಗುವುದು ಪ್ರವಾಹದ ಹೊರೆಯೊಂದೇ. ನಿಜವಾದ ವಿಂಗಡಣೆ ಬೇಕೆಂದರೆ ಆಂಪ್ಲಿಫೈಯರುಗಳಿಗೆ ಮೊದಲೇ ಸ್ವರಗಳನ್ನು ಬೇರ್ಪಡಿಸಬೇಕು; ಅದಕ್ಕಾಗಿ ಸ್ಪೀಕರಿನ ಹೊಟ್ಟೆಯನ್ನು ಬಗೆದು ಒಳಗಿನ ಜರಡಿಯನ್ನು ತೆಗೆಯಬೇಕು. ಆ ಧೈರ್ಯ ನನಗಿಲ್ಲ. ಆದರೂ ಹೊರೆಯಿಳಿದ ವಾಲ್ವುಗಳು ಏದುಸಿರು ಬಿಡುವುದನ್ನು ನಿಲ್ಲಿಸಿದ್ದವು. ಡಗ್ಗ ಬಿಗಿಯಾಯಿತು, ಹಿತಮಿತವಾದ ಎತ್ತರದಲ್ಲಿ ಕಂಠ ಒಡೆಯಲಿಲ್ಲ.

ಆ ಭಾನುವಾರ ಅತ್ತಿಗೆಯವರನ್ನು ಕರೆತಂದು ಕೂರಿಸಿದೆ. ಗಾಯನ ಮುಗಿಯುವವರೆಗೆ ಅವರು ಮಾತನಾಡಲಿಲ್ಲ. ಆಮೇಲೆ, “ಅವರಿದ್ದಾಗಲೂ ಹೀಗೇ ಕೇಳಿಸುತ್ತಿತ್ತು” ಎಂದರು. ವ್ಯಾಟುಗಳ ಲೆಕ್ಕವನ್ನು ನಾನು ಅಲ್ಲಿಗೇ ನಿಲ್ಲಿಸಿದೆ.