ಸರಣಿಯಲ್ಲಿ ಹಂಚಿಕೆ, ಸಮಾಂತರದಲ್ಲಿ ಸಮಾನತೆ

ದೀಪಾವಳಿ ಸಮೀಪಿಸಿತೆಂದರೆ ಜಯನಗರದ ನಾಲ್ಕನೆಯ ಬ್ಲಾಕಿನ ಅಂಗಡಿಗಳಲ್ಲಿ ಸೀರಿಯಲ್ ಸೆಟ್ಟುಗಳು ಮಿನುಗತೊಡಗುತ್ತವೆ. ತಂತುದೀಪಗಳ ಹಳೆಯ ಮಾದರಿಯ ಸರದಲ್ಲಿ, ಪ್ಲಗ್ಗಿಗೆ ಸಮೀಪದ ಬಲ್ಬು ವಿದ್ಯುತ್ತನ್ನು ಮೊದಲು ಸೇವಿಸಿ ಶೇಷವನ್ನಷ್ಟೇ ಮುಂದಕ್ಕೆ ದಾಟಿಸುತ್ತದೆಂದು ನಂಬಿದವರು ವಿದ್ಯಾವಂತರಲ್ಲಿಯೂ ಅನೇಕರುಂಟು. ವಸ್ತುತಃ ಸರಣಿ ಜೋಡಣೆಯಲ್ಲಿ ಪ್ರವಾಹವು ಆದ್ಯಂತವೂ ಒಂದೇ. ಹಂಚಿಹೋಗುವುದು ವಿಭವಾಂತರ, ಅದೂ ಸಮಪಾಲಾಗಿ ಅಲ್ಲ, ಆಯಾ ರೋಧಕ್ಕೆ ಅನುಗುಣವಾಗಿ.

ಹೆಚ್ಚು ವಾಟಿನ ಬಲ್ಬೇ ಸದಾ ಹೆಚ್ಚು ಬೆಳಗುವುದೆಂಬ ನಂಬಿಕೆಯೂ ಇಲ್ಲಿಯೇ ಮುರಿದುಬೀಳುತ್ತದೆ. 230 ವೋಲ್ಟಿನಲ್ಲಿ ಉರಿಯುವ 40 ವಾಟಿನ ತಂತುದೀಪದ ರೋಧ ಸುಮಾರು 1322 ಓಮ್, 100 ವಾಟಿನದು 529. ಈ ರೋಧಗಳು ಬದಲಾಗವೆಂದು ಭಾವಿಸಿ ಎರಡನ್ನೂ ಸರಣಿಯಲ್ಲಿಟ್ಟರೆ, 1827ರಲ್ಲಿ ಗೇಯಾರ್ಗ್ ಓಮ್ ಪ್ರಕಟಿಸಿದ ನಿಯಮದಂತೆ ಮೊದಲನೆಯದಕ್ಕೆ 164 ವೋಲ್ಟೂ ಎರಡನೆಯದಕ್ಕೆ ಬರಿಯ 66 ವೋಲ್ಟೂ ದೊರೆಯುತ್ತವೆ. ಚಿಕ್ಕದು ಪ್ರಕಾಶಿಸಿದರೆ ದೊಡ್ಡದು ಕೆಂಪೇರುವುದೂ ಕಷ್ಟ. ತಣ್ಣಗಿರುವ ತಂತುವಿನ ರೋಧ ಇನ್ನೂ ಕುಗ್ಗುವುದರಿಂದ ವಾಸ್ತವದಲ್ಲಿ ಈ ಅಂತರ ಮತ್ತಷ್ಟು ಹಿರಿದು.

ಮನೆಯ ಪ್ಲಗ್ಗುಗಳಾದರೋ ಸಮಾಂತರವಾಗಿ ಜೋಡಿಸಲ್ಪಟ್ಟವು. ಉಪಕರಣಗಳು ಹೆಚ್ಚಿದಂತೆ ವೋಲ್ಟೇಜು ಅವುಗಳಲ್ಲಿ ಪಾಲಾಗುತ್ತದೆಂಬುದು ತಪ್ಪು. ಎಲ್ಲಕ್ಕೂ ಒಂದೇ ವಿಭವಾಂತರ, ಕೂಡುತ್ತ ಹೋಗುವುದು ಪ್ರವಾಹ. ಹಾಗಾದರೆ ಮುಂಜಾನೆ ಗೀಸರ್ ಹಾಕಿದೊಡನೆ ಅಡುಗೆಮನೆಯ ದೀಪ ಮಂಕಾಗುವುದೇಕೆ? ಈ ಪ್ರಶ್ನೆಗೆ ಉತ್ತರಿಸಬಲ್ಲ ವಿದ್ಯಾರ್ಥಿಗೆ ಸರಣಿ-ಸಮಾಂತರದ ಮರ್ಮ ದಕ್ಕಿತೆಂದೇ ನನ್ನ ಅಭಿಪ್ರಾಯ. ಮನೆಗೆ ಬರುವ ತಂತಿಯೂ ಒಂದು ರೋಧಕವಾಗಿದ್ದು, ಅದು ಇಡೀ ಮನೆಯೊಡನೆ ಸರಣಿಯಲ್ಲಿದೆ. ಅದರ ರೋಧ 1 ಓಮ್, ಗೀಸರಿನದು 23 ಓಮ್ ಎಂದಿಟ್ಟುಕೊಂಡು ದೀಪದ ಅಲ್ಪ ಪ್ರವಾಹವನ್ನು ಗಣನೆಗೆ ತಾರದೆ ನೋಡಿದರೆ, ಒಟ್ಟು 24 ಓಮಿನಲ್ಲಿ ಹರಿಯುವುದು 9.6 ಆಂಪೇರ್, ತಂತಿಯಲ್ಲಿಯೇ 9.6 ವೋಲ್ಟು ಕಳೆದು ಮನೆಗೆ ಉಳಿಯುವುದು ಸುಮಾರು 220. ಅಂಥದೇ ಇನ್ನೊಂದು ಗೀಸರ್ ಹಾಕಿದರೆ, ಸಮಾಂತರದ ಎರಡನ್ನೂ ಮೊದಲು 11.5 ಓಮಿನ ಒಂದೇ ರೋಧವಾಗಿ ಸಂಕ್ಷೇಪಿಸಿ, ತಂತಿಯ ಓಮನ್ನು ಅದಕ್ಕೆ ಕೂಡಿಸಿ, ಒಟ್ಟು ಪ್ರವಾಹವಾದ 18.4 ಆಂಪೇರನ್ನು ಕಂಡುಕೊಂಡರೆ, ಮನೆಗೆ ಉಳಿದುದು ಸುಮಾರು 212 ವೋಲ್ಟೆಂದು ತಿಳಿಯುತ್ತದೆ.

ಇನ್ನೊಂದು ಭ್ರಮೆ ಪ್ರಾಣಾಂತಿಕವಾದುದು: ಸೀರಿಯಲ್ ಸೆಟ್ಟಿನ ಒಂದು ಬಲ್ಬನ್ನು ಕಿತ್ತು ಸರವೆಲ್ಲ ಆರಿದಾಗ, ಅಲ್ಲಿ ವಿದ್ಯುತ್ತಿಲ್ಲವೆಂದು ಬಗೆಯುವುದು. ಪ್ರವಾಹ ಶೂನ್ಯವಾದುದರಿಂದ ಉಳಿದ ಬಲ್ಬುಗಳಲ್ಲಿ ವಿಭವಾಂತರವೂ ಶೂನ್ಯ. ಆದುದರಿಂದ 230 ವೋಲ್ಟೂ ಬಂದು ನಿಲ್ಲುವುದು ಆ ಖಾಲಿ ಹೋಲ್ಡರಿನ ಎರಡು ತುದಿಗಳ ನಡುವೆಯೇ. ಪ್ಲಗ್ಗನ್ನು ಕಳಚಿದ ಬಳಿಕವೇ ಅದಕ್ಕೆ ಕೈಯಿಡತಕ್ಕದ್ದು.