ಐತಿಹಾಸಿಕ ಯುದ್ಧಕ್ರೀಡಾ ಸನ್ನಿವೇಶಗಳ ರಚನೆಗೆ ಸ್ಥಳಾಕೃತಿ ನಕ್ಷೆಗಳನ್ನು ಪಡೆಯುವ ಬಗ್ಗೆ ಮಾಹಿತಿ

1. ಪೀಠಿಕೆ

ಹಿಂದೆ ನಡೆದ ಯುದ್ಧವೊಂದನ್ನು ಹಲಗೆಯ ಮೇಲೆ, ಮನೆಗಳು ಮತ್ತು ಕಾಯಿಗಳ ಸಹಾಯದಿಂದ ಮರುರೂಪಿಸುವ ಆಟಕ್ಕೆ ಯುದ್ಧಕ್ರೀಡೆ ಎಂದು ಹೆಸರು. ಇತಿಹಾಸ ಬೋಧಿಸುವ ಶಿಕ್ಷಕರು, ವಿದ್ಯಾರ್ಥಿಗಳು, ವಸ್ತುಸಂಗ್ರಹಾಲಯಗಳು ಹಾಗೂ ಹವ್ಯಾಸಿಗಳು ಇಂತಹ ಸನ್ನಿವೇಶಗಳನ್ನು ಸಿದ್ಧಪಡಿಸುವುದುಂಟು. ಚದುರಂಗದಲ್ಲಿ ಎಲ್ಲ ಮನೆಗಳೂ ಒಂದೇ ಬಗೆಯವು. ಯುದ್ಧಕ್ರೀಡೆಯಲ್ಲಿ ಹಾಗಲ್ಲ, ಒಂದು ಮನೆ ಬೆಟ್ಟ, ಮತ್ತೊಂದು ಗದ್ದೆ, ಇನ್ನೊಂದು ಹೊಳೆ. ಆದುದರಿಂದ ನಕ್ಷೆ ತಪ್ಪಾದರೆ ಆಟದ ಫಲಿತಾಂಶವೂ, ಅದರಿಂದ ಕಲಿಯುವ ಇತಿಹಾಸವೂ ತಪ್ಪಾಗುತ್ತದೆ.

ಇಂದಿನ ಸ್ಥಳಾಕೃತಿ ನಕ್ಷೆಯು ನೆಲದ ಏರಿಳಿತವನ್ನು ನಿಖರವಾಗಿ ತೋರಿಸುತ್ತದೆ. ಆದರೆ ಅದು ಇಂದಿನ ನೆಲ. ಯುದ್ಧಕಾಲದ ನಕ್ಷೆಯು ಅಂದಿನ ನದಿ, ರಸ್ತೆ ಮತ್ತು ಕೋಟೆಯನ್ನು ತೋರಿಸುತ್ತದೆ. ಆದರೆ ಅದರಲ್ಲಿ ಎತ್ತರದ ಅಳತೆ ಸಾಲದು. ಇವೆರಡನ್ನೂ ಪಡೆದು ಹೋಲಿಸುವುದು ಅವಶ್ಯಕ. 1791ರಿಂದ 1799ರವರೆಗೆ ಶ್ರೀರಂಗಪಟ್ಟಣದ ಸುತ್ತ ನಡೆದ ಯುದ್ಧಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

2. ಹಾಳೆಯ ಸಂಖ್ಯೆಯನ್ನು ಕಂಡುಹಿಡಿಯುವ ವಿಧಾನ

ನಕ್ಷೆಗಳನ್ನು ಊರಿನ ಹೆಸರಿನಿಂದಲ್ಲದೆ ಹಾಳೆಯ ಸಂಖ್ಯೆಯಿಂದ ಗುರುತಿಸಲಾಗುತ್ತದೆ. ಅರ್ಜಿದಾರರು ಮೊದಲು ಯುದ್ಧಸ್ಥಳದ ಅಕ್ಷಾಂಶ, ರೇಖಾಂಶಗಳನ್ನು ತಿಳಿದುಕೊಳ್ಳತಕ್ಕದ್ದು.

ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಕ್ರಮದಲ್ಲಿ 4 ಡಿಗ್ರಿ ಉದ್ದಗಲದ ಪ್ರದೇಶಕ್ಕೆ ಒಂದು ಸಂಖ್ಯೆ ಇರುತ್ತದೆ. ಅದನ್ನು 1 ಡಿಗ್ರಿಯ 16 ಭಾಗಗಳಾಗಿ ವಿಂಗಡಿಸಿ ಎ ಇಂದ ಪಿ ವರೆಗೆ ಅಕ್ಷರ ನೀಡಲಾಗಿದೆ. ಪ್ರತಿ ಭಾಗವನ್ನೂ ಮತ್ತೆ 15 ಮಿನಿಟುಗಳ 16 ಹಾಳೆಗಳಾಗಿ ವಿಂಗಡಿಸಲಾಗಿದೆ. ಎರಡು ಹಂತಗಳಲ್ಲಿಯೂ ಎಣಿಕೆಯು ವಾಯವ್ಯ ಮೂಲೆಯಿಂದ ಆರಂಭವಾಗಿ ಮೇಲಿನಿಂದ ಕೆಳಕ್ಕೆ, ಅನಂತರ ಪೂರ್ವದ ಸಾಲಿಗೆ ಸಾಗುತ್ತದೆ.

ಶ್ರೀರಂಗಪಟ್ಟಣವು ಸುಮಾರು 12 ಡಿಗ್ರಿ 25 ಮಿನಿಟು ಉತ್ತರ ಅಕ್ಷಾಂಶ, 76 ಡಿಗ್ರಿ 42 ಮಿನಿಟು ಪೂರ್ವ ರೇಖಾಂಶದಲ್ಲಿದೆ. ಈ ಲೆಕ್ಕದಂತೆ ಅಗತ್ಯವಾಗುವ ಹಾಳೆಗಳು ಈ ಕೆಳಕಂಡಂತಿವೆ:

• ಶ್ರೀರಂಗಪಟ್ಟಣ ಮತ್ತು ಕರಿಘಟ್ಟ (1792 ಹಾಗೂ 1799ರ ಮುತ್ತಿಗೆಗಳು): 57ಡಿ/11
• ಅರಕೆರೆ (1791ರ ಮೇ 15ರ ಕಾಳಗ): 57ಡಿ/15 ಮತ್ತು 57ಡಿ/11
• ಮಳವಳ್ಳಿ (1799ರ ಮಾರ್ಚ್ 27ರ ಕಾಳಗ): 57ಎಚ್/3 ಮತ್ತು 57ಡಿ/15
• ಸೋಸಲೆ (1799ರಲ್ಲಿ ಜನರಲ್ ಹ್ಯಾರಿಸನ ಸೈನ್ಯ ಕಾವೇರಿಯನ್ನು ದಾಟಿದ ಸ್ಥಳ): 57ಡಿ/16

2005ರ ರಾಷ್ಟ್ರೀಯ ನಕ್ಷೆ ನೀತಿಯನ್ವಯ ಸಾರ್ವಜನಿಕರ ಬಳಕೆಗಾಗಿ ಮುಕ್ತ ಶ್ರೇಣಿ ನಕ್ಷೆಗಳನ್ನು ರೂಪಿಸಲಾಯಿತು. ಇವುಗಳಿಗೆ ಬೇರೆ ಸಂಖ್ಯಾಕ್ರಮವಿದ್ದು, 57ಡಿ/11ನೇ ಹಾಳೆಯು ಈ ಶ್ರೇಣಿಯಲ್ಲಿ ಡಿ43ಡಬ್ಲ್ಯು11 ಆಗುತ್ತದೆ. ಅರ್ಜಿಯಲ್ಲಿ ಎರಡೂ ಸಂಖ್ಯೆಗಳನ್ನು ನಮೂದಿಸುವುದು ಸೂಕ್ತ. ರಕ್ಷಣಾ ಶ್ರೇಣಿಯ ನಕ್ಷೆಗಳು ಸಾರ್ವಜನಿಕರ ಬಳಕೆಗಲ್ಲ.

3. ಪ್ರಮಾಣದ ಆಯ್ಕೆ

1:50,000 ಪ್ರಮಾಣದ ನಕ್ಷೆಯಲ್ಲಿ 1 ಸೆಂ.ಮೀ. ನೆಲದ ಮೇಲಿನ 500 ಮೀಟರಿಗೆ ಸಮ. 57ಡಿ/11ನೇ ಹಾಳೆಯು ಉದ್ದಗಲಗಳಲ್ಲಿ ಸುಮಾರು 27 ಕಿ.ಮೀ. ನೆಲವನ್ನು ಒಳಗೊಳ್ಳುತ್ತದೆ. ಮಳವಳ್ಳಿಯಿಂದ ಸೋಸಲೆಯ ಮೂಲಕ ಶ್ರೀರಂಗಪಟ್ಟಣಕ್ಕೆ ಸೈನ್ಯ ನಡೆದುಬಂದ ಬಗೆಯನ್ನು ತೋರಿಸಲು ಈ ಪ್ರಮಾಣ ಸಾಕಾಗುತ್ತದೆ.

ಮುತ್ತಿಗೆಗೆ ಇದು ಸಾಲದು. ಸುಮಾರು 5 ಕಿ.ಮೀ. ಉದ್ದದ ಶ್ರೀರಂಗಪಟ್ಟಣ ದ್ವೀಪವು ಈ ನಕ್ಷೆಯಲ್ಲಿ ಕೇವಲ 10 ಸೆಂ.ಮೀ. ಉದ್ದವಾಗಿ ಕಾಣುತ್ತದೆ. ಜೊತೆಗೆ ಸಮೋನ್ನತಿ ರೇಖೆಗಳ ಅಂತರ 20 ಮೀಟರ್ ಇರುವುದರಿಂದ ಅದಕ್ಕಿಂತ ಕಡಿಮೆ ಎತ್ತರದ ದಿಬ್ಬ, ಕೆರೆ ಏರಿ, ನಾಲೆಯ ದಂಡೆಗಳು ರೇಖೆಗಳಲ್ಲಿ ಕಾಣಿಸುವುದಿಲ್ಲ.

ಈ ಕೊರತೆಯ ಪರಿಣಾಮವನ್ನು ಸುಲ್ತಾನ್‌ಪೇಟೆ ತೋಪಿನ ಪ್ರಸಂಗದಲ್ಲಿ ಕಾಣಬಹುದು. 1799ರ ಏಪ್ರಿಲ್ 5ರ ರಾತ್ರಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಈ ತೋಪಿನ ಮೇಲೆ ನಡೆಸಿದ ದಾಳಿ ವಿಫಲವಾಯಿತು. ಕತ್ತಲೆ, ಮರಗಳು ಮತ್ತು ನಾಲೆಯ ಏರಿಯು ಟಿಪ್ಪು ಸುಲ್ತಾನನ ಸೈನಿಕರಿಗೆ ಆಸರೆಯಾದವು. ಮರುದಿನ ಬೆಳಕಿನಲ್ಲಿ ಅದೇ ತೋಪು ವಶವಾಯಿತು. ಕೇವಲ ಸಮೋನ್ನತಿ ರೇಖೆಗಳನ್ನು ನೋಡಿ ಹಲಗೆ ರಚಿಸಿದಲ್ಲಿ ಈ ಸ್ಥಳವು ಬಯಲಾಗಿ ತೋರುತ್ತದೆ. ಮೊದಲ ದಾಳಿ ಏಕೆ ಸೋತಿತೆಂಬುದು ಆಟಗಾರರಿಗೆ ತಿಳಿಯುವುದೇ ಇಲ್ಲ. ಆದುದರಿಂದ ಮುತ್ತಿಗೆಯ ಸನ್ನಿವೇಶಕ್ಕೆ ಒಂದು ಮನೆಗೆ 100 ಮೀಟರ್ ಲೆಕ್ಕವಿರಿಸಿ, ಯುದ್ಧಕಾಲದ ದೊಡ್ಡ ಪ್ರಮಾಣದ ನಕಾಶೆಗಳನ್ನು ಆಧರಿಸುವುದು ಯುಕ್ತ.

4. ನಕ್ಷೆಗಳು ದೊರೆಯುವ ಸ್ಥಳಗಳು

(ಅ) ಮುಕ್ತ ಶ್ರೇಣಿ ನಕ್ಷೆಗಳು: ಭಾರತೀಯ ಸರ್ವೇಕ್ಷಣಾ ಇಲಾಖೆಯ ಆನ್‌ಲೈನ್ ಮ್ಯಾಪ್ಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡು ಪಡೆಯಬಹುದು. ಇಲಾಖೆಯ ಕೇಂದ್ರ ಕಚೇರಿಯು ಡೆಹ್ರಾಡೂನ್‌ನಲ್ಲಿದ್ದು, ಬೆಂಗಳೂರಿನ ಕೋರಮಂಗಲದಲ್ಲಿಯೂ ಕಚೇರಿ ಇದೆ.

(ಆ) ಹಳೆಯ ಮುದ್ರಣಗಳು: ಮೆಟ್ರಿಕ್ ಪದ್ಧತಿಗೆ ಮುಂಚಿನ ಹಾಳೆಗಳು ಒಂದು ಇಂಚಿಗೆ ಒಂದು ಮೈಲಿ, ಅಂದರೆ 1:63,360 ಪ್ರಮಾಣದವು. ಇವು ಹಾಗೂ ಸರ್ವೇಕ್ಷಣೆಯ ಐತಿಹಾಸಿಕ ನಕ್ಷೆಗಳಿಗಾಗಿ ನವದೆಹಲಿಯ ರಾಷ್ಟ್ರೀಯ ಪತ್ರಾಗಾರವನ್ನು ಸಂಪರ್ಕಿಸಬಹುದು. ಅದರ ಅಭಿಲೇಖ್ ಪಟಲ್ ಜಾಲತಾಣದಲ್ಲಿ ಮನೆಯಿಂದಲೇ ಹುಡುಕಲು ಅವಕಾಶವಿದೆ.

(ಇ) ಯುದ್ಧಕಾಲದ ನಕಾಶೆಗಳು: 1799ರ ಮುತ್ತಿಗೆಯಲ್ಲಿ ಎಂಜಿನಿಯರ್ ಆಗಿದ್ದ ಕಾಲಿನ್ ಮೆಕೆಂಜಿಯು ಅನಂತರ ಮೈಸೂರು ಸರ್ವೆಯನ್ನು ನಡೆಸಿ, 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದನು. ಅವನ ಸಂಗ್ರಹದ ಒಂದು ಭಾಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅಲೆಕ್ಸಾಂಡರ್ ಬೀಟ್ಸನ್ 1800ರಲ್ಲಿ ಪ್ರಕಟಿಸಿದ ಯುದ್ಧ ವೃತ್ತಾಂತವೂ ಉಪಯುಕ್ತ.

(ಈ) ಗ್ರಾಮ ನಕ್ಷೆಗಳು: ರಾಜ್ಯದ ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆಯಿಂದ ದೊರೆಯುತ್ತವೆ. ಇವುಗಳಲ್ಲಿ ಕೆರೆ, ಹಳ್ಳ, ಕಾಲುದಾರಿ, ಸರ್ವೆ ನಂಬರುಗಳಿರುತ್ತವೆ, ಸಮೋನ್ನತಿ ರೇಖೆಗಳಿರುವುದಿಲ್ಲ.

(ಉ) ಎತ್ತರದ ದತ್ತಾಂಶ: ಇಸ್ರೋ ಸಂಸ್ಥೆಯ ಭುವನ್ ಜಾಲತಾಣದಲ್ಲಿ ಕಾರ್ಟೋಸ್ಯಾಟ್-1 ಉಪಗ್ರಹದಿಂದ ಸಿದ್ಧಪಡಿಸಿದ ದತ್ತಾಂಶವಿದೆ.

ಹಳೆಯ ದಾಖಲೆಗಳಲ್ಲಿ ಹುಡುಕುವಾಗ ಅಂದಿನ ಇಂಗ್ಲಿಷ್ ಬರಹದ ಹೆಸರುಗಳನ್ನೇ ಬಳಸಬೇಕಾಗುತ್ತದೆ. ಶ್ರೀರಂಗಪಟ್ಟಣವು ಸೆರಿಂಗಪಟಂ ಎಂದೂ, ಮಳವಳ್ಳಿಯು ಮಲ್ಲವೆಲ್ಲಿ ಎಂದೂ, ಅರಕೆರೆಯು ಅರಿಕೆರಾ ಎಂದೂ ಕಂಡುಬರುತ್ತವೆ.

5. ಇಂದಿನ ನಕ್ಷೆಯಿಂದ ತೆಗೆಯಬೇಕಾದುವು ಮತ್ತು ಉಳಿಸಬೇಕಾದುವು

ಕೃಷ್ಣರಾಜಸಾಗರ ಅಣೆಕಟ್ಟೆಯ ನಿರ್ಮಾಣ ಆರಂಭವಾದದ್ದು 1911ರಲ್ಲಿ. ಇಂದಿನ ಹಾಳೆಯಲ್ಲಿ ಶ್ರೀರಂಗಪಟ್ಟಣದ ಮೇಲ್ಭಾಗದಲ್ಲಿ ವಿಶಾಲ ಜಲಾಶಯ ಕಾಣುತ್ತದೆ. ಅಂದು ಅಲ್ಲಿ ಇದ್ದದ್ದು ನದಿ ಮತ್ತು ಹಳ್ಳಿಗಳು. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ನದಿ ದಾಟುವ ಉದ್ದೇಶದಿಂದ ತನ್ನ ಸೈನ್ಯವನ್ನು ಕನ್ನಂಬಾಡಿಗೆ ಒಯ್ದನು. ಮಳೆ, ಮೇವಿನ ಅಭಾವ ಮತ್ತು ಎತ್ತುಗಳ ಸಾವಿನಿಂದ ಕಂಗೆಟ್ಟು, ಮುತ್ತಿಗೆಯ ಭಾರೀ ತೋಪುಗಳನ್ನು ಅಲ್ಲಿಯೇ ನಾಶಪಡಿಸಿ ಹಿಮ್ಮೆಟ್ಟಿದನು. ಆ ಹಳೆಯ ಕನ್ನಂಬಾಡಿ ಇಂದು ಜಲಾಶಯದಲ್ಲಿ ಮುಳುಗಿದೆ. ಇಂದಿನ ನಕ್ಷೆಯನ್ನೇ ನಂಬಿದಲ್ಲಿ ಆ ಸನ್ನಿವೇಶದ ಮುಖ್ಯ ಸ್ಥಳವೇ ಹಲಗೆಯ ಮೇಲೆ ಇಲ್ಲವಾಗುತ್ತದೆ.

ನದಿಯ ನೀರನ್ನೂ ಋತುವಿಗೆ ತಕ್ಕಂತೆ ನಿಗದಿಪಡಿಸಬೇಕು. 1799ರ ಮೇ 4ರ ಮಧ್ಯಾಹ್ನ ದಾಳಿಯ ತುಕಡಿಗಳು ಕಲ್ಲುಬಂಡೆಗಳ ಕಾವೇರಿ ಪಾತ್ರವನ್ನು ನಡೆದೇ ದಾಟಿ ಕೋಟೆಗೋಡೆಯ ಕಂಡಿಯನ್ನು ಏರಿದವು. ಮುಂಗಾರಿನ ಪ್ರವಾಹ ಬಂದಿದ್ದರೆ ಇದು ಸಾಧ್ಯವಿರಲಿಲ್ಲ. ಎಷ್ಟು ದಿನದೊಳಗೆ ಕೋಟೆ ಬೀಳಬೇಕೆಂಬ ಆಟದ ಅವಧಿಯೂ ಇದನ್ನೇ ಅವಲಂಬಿಸುತ್ತದೆ.

ರೈಲು ಮಾರ್ಗ, ಹೆದ್ದಾರಿ ಮತ್ತು ವಿಶ್ವೇಶ್ವರಯ್ಯ ನಾಲೆಯನ್ನು ತೆಗೆದುಹಾಕತಕ್ಕದ್ದು. ಆದರೆ ಎಲ್ಲ ನಾಲೆಗಳನ್ನೂ ಅಳಿಸಬಾರದು. ಚಿಕ್ಕದೇವರಾಜ ಸಾಗರ ನಾಲೆಯಂತಹವು ಯುದ್ಧಕಾಲಕ್ಕಿಂತ ಬಹಳ ಹಿಂದಿನವು. ಪ್ರತಿ ನಾಲೆಯ ಕಾಲವನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು ಅಗತ್ಯ.

ಹಳೆಯ ಮತ್ತು ಹೊಸ ನಕ್ಷೆಗಳ ಭೂಮಾಪನ ಆಧಾರಗಳು ಬೇರೆಯಾದುದರಿಂದ ಅವು ನೇರವಾಗಿ ಒಂದರ ಮೇಲೊಂದು ಹೊಂದಿಕೊಳ್ಳುವುದಿಲ್ಲ. ಅಂದೂ ಇಂದೂ ಸ್ಥಾನ ಬದಲಿಸದ ಶ್ರೀರಂಗನಾಥಸ್ವಾಮಿ ದೇವಾಲಯ, ಕರಿಘಟ್ಟ, ಚಾಮುಂಡಿಬೆಟ್ಟಗಳನ್ನು ಗುರುತಾಗಿಟ್ಟುಕೊಂಡು ಹೊಂದಿಸಬಹುದು.

6. ಅರ್ಜಿದಾರರು ಗಮನಿಸಬೇಕಾದ ಅಂಶಗಳು

• ಅರ್ಜಿಯಲ್ಲಿ ಹಾಳೆಯ ಸಂಖ್ಯೆ, ಪ್ರಮಾಣ, ಬೇಕಾದ ಮುದ್ರಣದ ವರ್ಷ ಹಾಗೂ ಬಳಕೆಯ ಉದ್ದೇಶವನ್ನು ಸ್ಪಷ್ಟವಾಗಿ ಬರೆಯತಕ್ಕದ್ದು. "ಶ್ರೀರಂಗಪಟ್ಟಣದ ಹಳೆಯ ನಕ್ಷೆ" ಎಂದಷ್ಟೇ ಬರೆದಲ್ಲಿ ಬೇಕಾದ ಹಾಳೆಯನ್ನು ಗುರುತಿಸಲು ಸಾಧ್ಯವಾಗುವುದಿಲ್ಲ.
• ಹಾಳೆಯ ಅಂಚಿನಲ್ಲಿರುವ ಸರ್ವೇಕ್ಷಣೆಯ ವರ್ಷವನ್ನು ನೋಡಬೇಕು. ಮುದ್ರಣದ ವರ್ಷ ಅದಕ್ಕಿಂತ ಈಚಿನದಾಗಿರಬಹುದು.
• 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ಸರ್ಕಾರಿ ಪ್ರಕಟಣೆಗಳ ಹಕ್ಕು ಪ್ರಕಟವಾದ ನಂತರದ 60 ವರ್ಷಗಳವರೆಗೆ ಇರುತ್ತದೆ. ಸನ್ನಿವೇಶವನ್ನು ಮುದ್ರಿಸಿ ಮಾರುವವರು ಅದಕ್ಕೆ ಮುಂಚೆ ಬಳಕೆಯ ಷರತ್ತುಗಳನ್ನು ಪರಿಶೀಲಿಸತಕ್ಕದ್ದು.
• 2021ರ ಫೆಬ್ರವರಿ 15ರ ಭೂಸ್ಥಳೀಯ ದತ್ತಾಂಶ ಮಾರ್ಗಸೂಚಿಗಳು ಭಾರತೀಯರಿಗೆ ನಕ್ಷೆ ತಯಾರಿಕೆಯ ಪೂರ್ವಾನುಮತಿಯ ಅಗತ್ಯವನ್ನು ಬಹುಮಟ್ಟಿಗೆ ತೆಗೆದುಹಾಕಿವೆ. ಆದಾಗ್ಯೂ ಸೂಕ್ಷ್ಮ ಸ್ಥಳಗಳ ಬಗೆಗಿನ ನಿರ್ಬಂಧಗಳು ಅನ್ವಯಿಸುತ್ತವೆ.
• ಹಲಗೆಯ ಮೂಲೆಯಲ್ಲಿ ಭಾರತದ ಪುಟ್ಟ ನಕ್ಷೆಯನ್ನು ಸೇರಿಸುವುದಾದರೆ ಹೊರಗಡಿಗಳು ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಗೆ ಅನುಗುಣವಾಗಿರತಕ್ಕದ್ದು. ಇದಕ್ಕೆ ವ್ಯತಿರಿಕ್ತವಾದ ಪ್ರಕಟಣೆಯು 1961ರ ಕ್ರಿಮಿನಲ್ ಕಾನೂನು ತಿದ್ದುಪಡಿ ಅಧಿನಿಯಮದಂತೆ ಆರು ತಿಂಗಳವರೆಗಿನ ಕಾರಾವಾಸ ಅಥವಾ ಜುಲ್ಮಾನೆ ಅಥವಾ ಎರಡಕ್ಕೂ ಗುರಿಯಾಗುವ ಅಪರಾಧ.

ಸಿದ್ಧಪಡಿಸಿದ ಹಲಗೆಯ ಜೊತೆಯಲ್ಲಿ ಯಾವ ವಿವರವನ್ನು ಯಾವ ನಕ್ಷೆಯಿಂದ ತೆಗೆದುಕೊಳ್ಳಲಾಗಿದೆ, ಏನನ್ನು ಅಳಿಸಲಾಗಿದೆ ಎಂಬ ಟಿಪ್ಪಣಿಯನ್ನು ನೀಡುವುದು ಅಪೇಕ್ಷಣೀಯ. ಇದರಿಂದ ಮುಂದೆ ಅದೇ ನೆಲದ ಮೇಲೆ ಸನ್ನಿವೇಶ ರಚಿಸುವವರಿಗೆ ಅನುಕೂಲವಾಗುವುದು.