ಒಂದರಿಂದ ಆರಕ್ಕೆ, ಆರರಿಂದ ಒಂದಕ್ಕೆ

12345654321. ಓದಿ ನೋಡಿ: ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಭತ್ತ, ಅಡಿಕೆಯನ್ನು ಕ್ವಿಂಟಾಲ್ ಲೆಕ್ಕದಲ್ಲಿ ಮಾರುವ ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆ ಸೀಮೆಯವರಿಗೆ ಇಂಥ ಅಂಕಿ ಕಣ್ಣಿಗೆ ಬೀಳುವುದೇನಿದ್ದರೂ ಪೇಪರಿನ ಬಜೆಟ್ ಸುದ್ದಿಯಲ್ಲಿ. ಆದರೆ ಕ್ರಿ.ಶ. 850ರ ಸುಮಾರಿಗೇ ಕನ್ನಡ ನಾಡಿನ ಗಣಿತಜ್ಞರೊಬ್ಬರು ಇದನ್ನು ಒಂದು ಗುಣಾಕಾರದ ಉತ್ತರವಾಗಿ ಹೆಣೆದಿಟ್ಟಿದ್ದರು.

ಅವರು ಮಹಾವೀರಾಚಾರ್ಯರು. ಮಾನ್ಯಖೇಟದಿಂದ, ಅಂದರೆ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡದಿಂದ, ಆಳುತ್ತಿದ್ದ ಅಮೋಘವರ್ಷ ನೃಪತುಂಗನ ಕಾಲದವರು. ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದ ಆರಂಭದಲ್ಲೇ ದೊರೆಯನ್ನು ಹೊಗಳಿದ್ದಾರೆ. ಈ ಸಂಖ್ಯೆಯನ್ನು ಅವರು ಬಣ್ಣಿಸುವ ಬಗೆ ಸರಳ: ಒಂದರಿಂದ ಶುರುವಾಗಿ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವುದು. ಲೆಕ್ಕ ಇಷ್ಟೇ: 27994681 × 441.

ಇದರ ಒಳಗುಟ್ಟು 111111ರಲ್ಲಿದೆ. ಅದನ್ನು ಅದರಿಂದಲೇ ಗುಣಿಸಿ. ಒಂದುಗಳ ಆರು ಸಾಲು, ಪ್ರತಿ ಸಾಲೂ ಒಂದೊಂದು ಮನೆ ಎಡಕ್ಕೆ. ಕೂಡುವಾಗ ಬಿಡಿ ಸ್ಥಾನದಲ್ಲಿ ಒಂದು ಸಿಗುತ್ತದೆ, ಹತ್ತರ ಸ್ಥಾನದಲ್ಲಿ ಎರಡು, ನೂರರಲ್ಲಿ ಮೂರು. ಆರಕ್ಕೆ ಮುಟ್ಟಿ ಮತ್ತೆ ಇಳಿಯುತ್ತದೆ. ಎಲ್ಲೂ ದಶಕ ಒಯ್ಯುವ ತಾಪತ್ರಯವಿಲ್ಲ. ಒಂಬತ್ತು ಒಂದುಗಳವರೆಗೂ ಈ ಚೆಲುವು ಉಳಿಯುತ್ತದೆ. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುವೆ ಹತ್ತು ಬಂದು ದಶಕ ಏಳುತ್ತದೆ, ಉತ್ತರ 1234567900987654321 ಆಗಿ ಸರ ಹರಿಯುತ್ತದೆ.

ಇನ್ನು 111111 ಎಂದರೆ 111 × 1001. ಮೊದಲನೆಯದು 3 × 37, ಎರಡನೆಯದು 7 × 11 × 13. ಈ ಐದು ಅವಿಭಾಜ್ಯಗಳೂ ನಮ್ಮ ಸಂಖ್ಯೆಯಲ್ಲಿ ಎರಡೆರಡು ಸಲ ಕೂತಿವೆ. ಹಾಗಾಗಿ ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು 243. ಅಂಕಿಗಳನ್ನೆಲ್ಲ ಕೂಡಿದರೆ 36, ಅದೂ ಆರರ ವರ್ಗವೇ!

ಈಗ ಆಚಾರ್ಯರ ಜಾಣತನ ನೋಡಿ. 111111 × 111111 ಎಂದು ಕೊಟ್ಟಿದ್ದರೆ ಗುಟ್ಟು ಬಯಲಾಗುತ್ತಿತ್ತು. 3 ಮತ್ತು 7ರ ಗುಣಲಬ್ಧ 21. ಅದರ ವರ್ಗ 441 ಒಂದು ಕಡೆ. ಉಳಿದ 11 × 13 × 37, ಅಂದರೆ 5291. ಅದರ ವರ್ಗ 27994681 ಇನ್ನೊಂದು ಕಡೆ. ನೋಡಿದರೆ ಗೊತ್ತೇ ಆಗದ ಎರಡು ಒರಟು ಸಂಖ್ಯೆಗಳು. ಉತ್ತರವನ್ನು ಮೊದಲು ಆರಿಸಿ, ಆಮೇಲೆ ಪ್ರಶ್ನೆ ಕಟ್ಟಿದ್ದಾರೆಂದೇ ನನ್ನ ತೀರ್ಮಾನ. ಇಂಥ ಉತ್ತರಗಳನ್ನು ಅವರು ಕಂಠಾಭರಣ ಎಂದರು. 11011011 × 91 = 1002002001 ಎಂಬುದಂತೂ ರಾಜಕುಮಾರನ ಕೊರಳಿಗೆ ತಕ್ಕ ಹಾರವಂತೆ.

ಇದು ಬರೀ ಅಲಂಕಾರವಲ್ಲ. ಗುಣಾಕಾರದಲ್ಲಿ ಒಂದು ಅಂಕಿ ತಪ್ಪಿದರೂ ಹಾರ ಕೆಡುತ್ತದೆ. ಸರಿಯೋ ತಪ್ಪೋ ಎಂದು ಹುಡುಗ ಮೇಷ್ಟ್ರ ಮುಖ ನೋಡಬೇಕಿಲ್ಲ. ನಮ್ಮ ಪಠ್ಯಪುಸ್ತಕದ ಗುಣಾಕಾರಗಳಿಗೆ ಈ ಗುಣ ಎಲ್ಲಿದೆ? ಎಲ್ಲ ಉತ್ತರಗಳೂ ಒಂದೇ ಥರ ಸಪ್ಪೆ, ಹಿಂದಿನ ಪುಟ ತಿರುಗಿಸಿಯೇ ನೋಡಬೇಕು.

ಆಚಾರ್ಯರ ಪುಸ್ತಕ ಸಿಗದ್ದೇನಲ್ಲ. 1912ರಲ್ಲಿ ಎಂ. ರಂಗಾಚಾರ್ಯರು ಮದ್ರಾಸಿನಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಬಂತು. ಹೊಂಬುಜ ಇರುವುದು ಶಿವಮೊಗ್ಗ ಜಿಲ್ಲೆಯಲ್ಲಿ. 1997ರ ತನಕ ನಮ್ಮ ಚನ್ನಗಿರಿ ತಾಲ್ಲೂಕೂ ಅದೇ ಜಿಲ್ಲೆಗೆ ಸೇರಿತ್ತು.

ತ್ಯಾವಣಿಗೆಯ ಮೇಷ್ಟ್ರುಗಳೇ, ಸೋಮವಾರ ಬೋರ್ಡಿನ ಮೇಲೆ 152207 × 73 ಎಂದು ಬರೆಯಿರಿ. ಇದೂ ಆಚಾರ್ಯರದ್ದೇ. ಉತ್ತರ ಇಲ್ಲಿ ಹೇಳುವುದಿಲ್ಲ. ಮೊಬೈಲ್ ಮುಟ್ಟದೆ ಮಕ್ಕಳೇ ಮಾಡಲಿ.